ಸುಳ್ಳು ಮುಟ್ಟು

ದುರ್ಗಿಗುಡಿಯ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು ಸೀತಾಳಿಗೆ. ಹಾಗೇನೂ ಇರಲಿಲ್ಲ. ಅವರವರಿಗೆ ಅವರವರ ಹೊಟ್ಟೆಯ ಚಿಂತೆ. ಎದುರಿಗಿದ್ದ ತುಂಬು ಬಸುರಿ ತೂಕಡಿಸುತ್ತಿದ್ದಳು. ಜೊತೆಗೆ ಬಂದಿದ್ದ ಹಿರಿಯಾಕೆ ಅವಳಿಗೆಂದು ಕಿತ್ತಲೆ ಸುಲಿದು ಒಂದೊಂದೇ ತೊಳೆ ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಗಂಡ ತ್ರಿವಿಕ್ರಮ ಸ್ಕ್ಯಾನಿಂಗಿನ ದೊಡ್ಡ ಕವರಿಗೆ ಎಲ್ಲಿ ಮಡಿಕೆ ಬೀಳುತ್ತದೋ ಎಂದು ಅದನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದಿದ್ದ. ಇವತ್ತು ಡಾಕ್ಟರು ಇನ್ನೊಮ್ಮೆ ಪರೀಕ್ಷೆ ಮಾಡಿ ದಿನ ಗೊತ್ತು ಮಾಡುತ್ತಾರೆ. ಗರ್ಭಕೋಶ ತೆಗೆಯುವ ದಿನ. ತೆಗೆಯುವುದಕ್ಕೆ ಕಾರಣ, ಸೀತಾ ತಿಂಗಳಿಗೆ ಎರಡು ಸಲ, ಒಮ್ಮೊಮ್ಮೆ ಮೂರು ಸಲ ಮುಟ್ಟಾಗುತ್ತಾಳೆ ಎಂಬುದು. ಅದು ಸುಳ್ಳೆಂದು ಗೊತ್ತಿದ್ದವಳು ಸೀತಾ ಒಬ್ಬಳೇ.

ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕೇಳದೆಯೇ ತ್ರಿವಿಕ್ರಮ ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ಕೊಟ್ಟ. ಅವಳ ಬೆರಳಿನ ಗಂಟುಗಳಿಗೆ ಮುಚ್ಚಳ ತೆಗೆಯಲು ಆಗುವುದಿಲ್ಲ ಎಂದು ಅವನಿಗೆ ಗೊತ್ತು. ಇದೇ ಅವಳಿಗೆ ಹೆಚ್ಚು ಕಷ್ಟ. ಕುಡಿದು ಬಂದು ಹೊಡೆಯುವ ಗಂಡನಾಗಿದ್ದರೆ ಅವನಿಗೆ ಹೇಳಿದ ಸುಳ್ಳು ಇಷ್ಟು ಚುಚ್ಚುತ್ತಿರಲಿಲ್ಲ. ಅವನು ಭದ್ರಾವತಿಯ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಲೆಕ್ಕ ಹಾಕುವ ಗುಮಾಸ್ತ, ಬೆಳಿಗ್ಗೆ ಸಂಧ್ಯಾವಂದನೆ ಮಾಡಿ ಸೈಕಲ್ಲು ಹತ್ತುವವನು, ಹೆಂಡತಿಯ ಕಣ್ಣಿನ ಡ್ರಾಪ್ಸ್ ಮುಗಿಯುವ ಮೊದಲೇ ಹೊಸದು ತರುವವನು. ಈ ಆಪರೇಷನ್ನಿಗೂ ಅವನೇ ಓಡಾಡಿದ್ದ. "ಪಾಪ, ಎಷ್ಟು ರಕ್ತ ಹೋಗುತ್ತೋ ಅವಳಿಗೆ, ಅದಕ್ಕೇ ಹಿಂಗೆ ಬಿಳಿಚಿಕೊಂಡಿದಾಳೆ" ಎಂದು ಅವನು ತನ್ನ ತಾಯಿಯ ಹತ್ತಿರ ಹೇಳುತ್ತಿದ್ದುದನ್ನು ಸೀತಾ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು, ಒಗ್ಗರಣೆ ಸೀದು ಹೋಗುವವರೆಗೂ ಹಾಗೇ ನಿಂತಿದ್ದಳು.

ಮಗಳು ಅಮೂಲ್ಯಾ ಹೈಸ್ಕೂಲಿಗೆ ಸೇರಿದ ವರ್ಷ ಶುರುವಾದದ್ದು. ಮೊದಲು ಬೆಳಗಿನ ಹೊತ್ತು ಬೆರಳು ಮಡಚಲು ಆಗುತ್ತಿರಲಿಲ್ಲ. ಹಾಲಿನ ಪಾತ್ರೆ ಎರಡು ಸಲ ಕೈ ಜಾರಿ ಬಿದ್ದ ಮೇಲೆ ಅತ್ತೆ ಬೆಳಗಿನ ಹಾಲು ಕಾಸುವ ಕೆಲಸವನ್ನು ಮಾತಿಲ್ಲದೆ ತಾವೇ ವಹಿಸಿಕೊಂಡರು. ಆಮೇಲೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿ. ಆಮೇಲೆ ಬಾಯಿ. ಅನ್ನ ಸಾರು ಕಲಸಿಕೊಂಡರೂ ಗಂಟಲಲ್ಲಿ ಇಳಿಯದೆ ನಡುನಡುವೆ ನೀರು ಬೇಕು. ಮಂಗಳೂರಿನ ದೊಡ್ಡ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಕಾಯಿಲೆಗೆ ಉದ್ದದ ಹೆಸರು ಹೇಳಿ, "ಮೈಗೆ ಹೊರಗಿನ ಶತ್ರು ಯಾರು, ತನ್ನದೇ ಅಂಗ ಯಾವುದು ಅಂತ ಗೊತ್ತಾಗ್ತಿಲ್ಲ ನೋಡಿ. ತನ್ನನ್ನೇ ತಾನು ಹೊಡ್ಕೊಳ್ತಿದೆ" ಎಂದು ವಿವರಿಸಿದ್ದರು. ತ್ರಿವಿಕ್ರಮ ತಲೆಯಾಡಿಸಿದ್ದ. ಗಂಟು ಕೇಳಿದರು, ಕಣ್ಣು ಕೇಳಿದರು, ಬಾಯಿಗೆ ಟಾರ್ಚು ಬಿಟ್ಟು ನೋಡಿದರು. ಇನ್ನೊಂದು ಕಡೆಯೂ ಹಾಗೇ ಆಗುತ್ತಿದೆ ಎಂದು ಅವರಿಗೆ ಹೇಳಬೇಕು ಅನ್ನಿಸಿತ್ತು ಸೀತಾಳಿಗೆ. ಆದರೆ ಗಂಡ ಪಕ್ಕದಲ್ಲಿದ್ದ, ಡಾಕ್ಟರು ಗಂಡಸು, ಮತ್ತು ಅದು ಕಾಯಿಲೆಯೋ ತನ್ನ ಮನಸ್ಸು ಕೆಟ್ಟದ್ದೋ ಅವಳಿಗೇ ಖಾತ್ರಿಯಿರಲಿಲ್ಲ.

ಮನಸ್ಸೇ ಕೆಟ್ಟಿದೆ ಎಂದುಕೊಂಡಿದ್ದಳು. ಇಲ್ಲದಿದ್ದರೆ ಅಷ್ಟು ವರ್ಷ ಜೊತೆಗೆ ಮಲಗಿದ ಗಂಡನ ಕೈ ಸೊಂಟದ ಮೇಲೆ ಬಿದ್ದರೆ ಮೈಯೆಲ್ಲ ಕಲ್ಲಾಗುವುದು ಯಾಕೆ? ಮೊದಮೊದಲು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಒಣಗಿದ ಚರ್ಮವನ್ನು ಯಾರೋ ಸುಲಿದು ಉಪ್ಪು ಸವರಿದ ಹಾಗಿತ್ತು ಆ ನೋವು. ಮಾರನೆಯ ದಿನ ಬಚ್ಚಲಿನಲ್ಲಿ ಉಚ್ಚೆ ಹೊಯ್ಯುವಾಗ ಗೋಡೆ ಹಿಡಿದುಕೊಳ್ಳಬೇಕಾಗುತ್ತಿತ್ತು. ಆಮೇಲಾಮೇಲೆ, ಅವನು ಮುಟ್ಟುವುದಕ್ಕೆ ಮುಂಚೆಯೇ, ಅವನು ದೀಪ ಆರಿಸಿದ ಸದ್ದಿಗೇ, ಕೆಳಗೆಲ್ಲ ತಾನಾಗಿ ಬಿಗಿದುಕೊಂಡುಬಿಡುತ್ತಿತ್ತು; ಅವಳು ಸಡಿಲಿಸಲು ನೋಡಿದರೂ ಬಿಗಿ ಬಿಡುತ್ತಿರಲಿಲ್ಲ. ಅವನು ಸ್ವಲ್ಪ ಹೊತ್ತು ಪ್ರಯತ್ನಪಟ್ಟು, ತನ್ನದೇ ಏನೋ ತಪ್ಪಾಯಿತು ಎಂಬಂತೆ, "ಇರ್ಲಿ ಬಿಡು, ನಿಂಗೆ ಸುಸ್ತಾಗಿದೆ" ಎಂದು ಗೋಡೆಗೆ ತಿರುಗಿ ಮಲಗುತ್ತಿದ್ದ. ಅವನ ಬೆನ್ನು ನೋಡುತ್ತಾ ಸೀತಾಳಿಗೆ ನಾಚಿಕೆಯಾಗುತ್ತಿತ್ತು. ಯಾವುದೋ ವಾರಪತ್ರಿಕೆಯ ಪ್ರಶ್ನೋತ್ತರದಲ್ಲಿ ಓದಿ ಒಮ್ಮೆ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿಯನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಕಸ ಗುಡಿಸಲು ಬಂದ ಅತ್ತೆ ಅದನ್ನು ಕೈಗೆತ್ತಿಕೊಂಡು, "ಇದ್ಯಾಕೆ ಇಲ್ಲಿ? ದೇವ್ರ ದೀಪಕ್ಕೆ ಅಂತ ಬೇರೆ ಇಟ್ಟಿದ್ದ ಎಣ್ಣೆ ಇದು" ಎಂದರು. "ತಲೆ ಉರೀತಿತ್ತು ಅತ್ತೆ" ಎಂದಳು. ಅತ್ತೆ ಬಾಟಲಿಯನ್ನೊಮ್ಮೆ, ಒಣಗಿ ಹಾರುತ್ತಿದ್ದ ಸೊಸೆಯ ತಲೆಗೂದಲನ್ನೊಮ್ಮೆ ನೋಡಿದರು. ಆ ಎಣ್ಣೆಯನ್ನು ಮತ್ತೆ ದೇವರ ಮನೆಗೆ ತೆಗೆದುಕೊಂಡು ಹೋಗಲಿಲ್ಲ, ಬಚ್ಚಲ ಗೂಡಿನಲ್ಲಿ ಇಟ್ಟರು.

ಹೊರಗೆ ಕೂರುವ ಪದ್ಧತಿಯನ್ನು ಕಾರ್ಖಾನೆಯ ಕ್ವಾರ್ಟರ್ಸಿನ ಆ ಸಾಲಿನಲ್ಲಿ ಇನ್ನೂ ಇಟ್ಟುಕೊಂಡಿದ್ದ ಮನೆ ಅವರದ್ದೊಂದೇ ಇರಬೇಕು. ಪಕ್ಕದ ಮನೆಯ ತಮಿಳಿನ ಭವಾನಿ ನಗುತ್ತಿದ್ದಳು: "ನಿಮ್ಗೆ ಮಾತ್ರ ತಿಂಗ್ಳು ತಿಂಗ್ಳು ಲೀವು, ನಮ್ಗೆ ಅದೂ ಇಲ್ಲ." ಎರಡು ಕೋಣೆಯ ಮನೆಯಲ್ಲಿ ಹೊರಗೆ ಎಂದರೆ ಹಿಂದಿನ ಜಗಲಿ. ಅಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುವವರೆಗೆ ಅವಳು ಏನನ್ನೂ ಮುಟ್ಟುವ ಹಾಗಿಲ್ಲ, ಅವಳನ್ನೂ ಯಾರೂ ಮುಟ್ಟುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ಅಲ್ಲಿ ಕೂತು ಅವಳು ಅತ್ತದ್ದೂ ಉಂಟು. ಕಾಯಿಲೆ ಬಂದ ಮೇಲೆ, ಒಂದು ಶನಿವಾರ ಸಂಜೆ, ತ್ರಿವಿಕ್ರಮ ಕಾರ್ಖಾನೆಯಿಂದ ಮಲ್ಲಿಗೆ ಹೂವು ತಂದು ಮೇಜಿನ ಮೇಲಿಟ್ಟದ್ದನ್ನು ಕಂಡಾಗ, ಬಾಯಿಂದ ಹೊರಟುಹೋಯಿತು: "ನಾನು ಹೊರಗೆ." ಅಷ್ಟೇ. ಅತ್ತೆ "ಅಯ್ಯೋ, ಹೋದ ಸಲದ್ದು ಆಗಿ ಹದಿನೈದು ದಿನವೂ ಆಗ್ಲಿಲ್ಲವಲ್ಲೇ" ಎಂದು ಅಡುಗೆಗೆ ಎದ್ದರು. ತ್ರಿವಿಕ್ರಮ ಹೂವನ್ನು ದೇವರಿಗೆ ಏರಿಸಿದ. ಹಿಂದಿನ ಜಗಲಿಯ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ ಸೀತಾಳಿಗೆ ತಾನು ಏನು ಮಾಡಿದೆ ಎಂದು ಅರ್ಥವಾಗುವ ಮೊದಲೇ ನಿದ್ದೆ ಬಂದಿತ್ತು. ಎಷ್ಟೋ ತಿಂಗಳ ಮೇಲೆ ಬಂದ ನಿದ್ದೆ. ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿತ್ತು, ಅದಕ್ಕೇ ಭಯವಾಯಿತು.

ಸುಳ್ಳಿಗೂ ಕೆಲಸವಿರುತ್ತದೆ ಎಂದು ಆಮೇಲೆ ಗೊತ್ತಾಯಿತು. ಮಗಳು ಮೆಡಿಕಲ್ ಶಾಪಿನಿಂದ ಪೇಪರಿನಲ್ಲಿ ಸುತ್ತಿಸಿಕೊಂಡು ತರುತ್ತಿದ್ದ ಪ್ಯಾಡಿನ ಪೊಟ್ಟಣ ಖರ್ಚಾಗದಿದ್ದರೆ ಯಾರಿಗಾದರೂ ಅನುಮಾನ ಬರಬಹುದು. ಹಾಗಾಗಿ ಸೀತಾ ಚೊಕ್ಕವಾಗಿದ್ದ ಪ್ಯಾಡುಗಳನ್ನು ಮಡಚಿ, ಪೇಪರಿನಲ್ಲಿ ಸುತ್ತಿ, ತಿಪ್ಪೆಗೆ ಎಸೆದು ಬರುತ್ತಿದ್ದಳು. ಕಾಸು ಕಾಸು ನೋಡಿ ಸಂಸಾರ ಮಾಡುವವಳು. ಎಸೆಯುವಾಗ ಕೈ ಬಾರದೆ ಒಮ್ಮೆ ಒಂದನ್ನು ವಾಪಸು ತಂದು ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದಳು. ಹಾಗೆ ಸುಳ್ಳನ್ನು ಸಾಕುತ್ತಾ ಸಾಕುತ್ತಾ ನಿಜದ ಮುಟ್ಟು ಬಂದಾಗ ಏನು ಮಾಡುವುದೆಂಬ ಪ್ರಶ್ನೆ ಎದುರಾಯಿತು. ಸುಳ್ಳಿನದ್ದು ಮುಗಿಸಿ ನಾಲ್ಕು ದಿನಕ್ಕೆ ನಿಜದ್ದು ಬಂದರೆ? ಒಂದೆರಡು ಸಲ ಮತ್ತೆ ಹೊರಗೆ ಕೂತಳು. ಅತ್ತೆಯ ಮಂಡಿ ನೋವು, ಮಗಳ ಪರೀಕ್ಷೆ, ಎಲ್ಲರ ಮುಖ ನೋಡಿ ಸಾಕಾಯಿತು. ಆಮೇಲೆ ನಿಜದ್ದು ಬಂದಾಗ ಒಳಗೇ ಉಳಿದುಬಿಡಲು ಶುರು ಮಾಡಿದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೇವರ ದೀಪ ಮಾತ್ರ ಮಗಳ ಕೈಲಿ ಹಚ್ಚಿಸುತ್ತಿದ್ದಳು. ಅಷ್ಟರಮಟ್ಟಿಗೆ ದೇವರಿಗೆ ಮೋಸ ಮಾಡುತ್ತಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದಳು. ಮಾವನ ತಿಥಿಯವರೆಗೂ ಆ ಸಮಾಧಾನ ನಡೆಯಿತು.

"ಸೀತಾ ತ್ರಿವಿಕ್ರಮ" ಎಂದು ನರ್ಸು ಕೂಗಿದಳು. ತ್ರಿವಿಕ್ರಮ ಮೊದಲು ಎದ್ದ.

ಡಾಕ್ಟರ್ ಜಯಶೀಲಾ ಹಣೆಯ ತುಂಬ ವಿಭೂತಿ ಇಟ್ಟು, ಮೇಲೆ ಬಿಳಿ ಕೋಟು ಹಾಕಿಕೊಂಡು, ಒಂದೇ ಹೊತ್ತಿಗೆ ಫೋನಿನಲ್ಲೂ ನರ್ಸಿನ ಹತ್ತಿರವೂ ಮಾತಾಡುತ್ತಿದ್ದರು. ಸೀತಾಳನ್ನು ಮೇಜಿನ ಹಿಂದಿನ ಮಂಚಕ್ಕೆ ಕಳಿಸಿ ಹಸಿರು ಪರದೆ ಎಳೆದರು. ಆ ಪರದೆ ನೆಲದವರೆಗೆ ಬರುತ್ತಿರಲಿಲ್ಲ. ಮಲಗಿಕೊಂಡು ತಲೆ ಓರೆ ಮಾಡಿದರೆ ಅದರ ಕೆಳಗೆ ತ್ರಿವಿಕ್ರಮನ ಚಪ್ಪಲಿಗಳು ಕಾಣುತ್ತಿದ್ದವು. ಬಲಗಾಲು ಅವನ ಅಭ್ಯಾಸದಂತೆ ಸುಮ್ಮನೆ ಅಲುಗಾಡುತ್ತಿತ್ತು. ಮಂಡಿ ಮಡಚಿ ಅಗಲಿಸಿ ಮಲಗಿದ ಸೀತಾ ಆ ಚಪ್ಪಲಿಗಳನ್ನು ನೋಡಬಾರದೆಂದು ಮೇಲೆ ನೋಡಿದಳು. ಫ್ಯಾನಿನ ರೆಕ್ಕೆಗೆ ಧೂಳು ಹಿಡಿದಿತ್ತು. ಲೋಹದ ತಣ್ಣನೆಯ ತುದಿ ತಾಗಿದ್ದೇ ತಡ, ಹೊಟ್ಟೆಯಿಂದ ತೊಡೆಯವರೆಗೆ ಎಲ್ಲವೂ ಒಟ್ಟಿಗೆ ಬಿಗಿದುಕೊಂಡಿತು.

"ಸಡ್ಲ ಬಿಡ್ರಿ. ಹಿಂಗೆ ಬಿಗಿ ಹಿಡಿದ್ರೆ ನಾನ್ ಹೆಂಗೆ ನೋಡ್ಲಿ?"

"ಬಿಡ್ತಿದೀನಿ ಡಾಕ್ಟ್ರೇ."

"ಎಲ್ಲಿ ಬಿಡ್ತಿದೀರಿ? ಮಗು ಹೆತ್ತೋರಲ್ವಾ ನೀವು? ಮದ್ವೆ ಆಗ್ದೇ ಇರೋ ಹುಡ್ಗೀರು ಮಾಡ್ದಂಗೆ ಮಾಡ್ತೀರಲ್ಲ."

ನರ್ಸು ಸಣ್ಣಗೆ ನಕ್ಕಳು. ಸೀತಾ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಡಾಕ್ಟರು ಲೋಹವನ್ನು ಪಕ್ಕಕ್ಕಿಟ್ಟು, ಬೆರಳಿಗೆ ಏನೋ ತಣ್ಣನೆಯ ಲೋಳೆ ಹಚ್ಚಿಕೊಂಡು, ಈ ಸಲ ನಿಧಾನವಾಗಿ ನೋಡಿದರು. ಅವರ ದನಿ ಸ್ವಲ್ಪ ಇಳಿಯಿತು.

"ನೋಡ್ರಿ, ನಿಮ್ಗೆ ಕಣ್ಣಿಗೆ ಡ್ರಾಪ್ಸ್ ಕೊಟ್ಟಿದಾರೆ, ಅಲ್ವಾ? ಬಾಯಿ ಒಣಗುತ್ತೆ ಅಂತೀರಿ. ಇದೂ ಅದೇ. ನಿಮ್ಮ ಗಂಟಿನ ಕಾಯಿಲೆ ಇರೋರಿಗೆ ಇಲ್ಲೂ ಪಸೆ ಆರುತ್ತೆ. ಪಸೆ ಇಲ್ದಿದ್ರೆ ನೋವು. ನೋವು ಬರುತ್ತೆ ಅಂತ ಹೆದ್ರಿ ಒಳಗಿನ ಸ್ನಾಯು ಎಲ್ಲಾ ಮೊದ್ಲೇ ಬಿಗ್ಕೊಂಡ್ಬಿಡುತ್ವೆ. ಇದಕ್ಕೆ ಜೆಲ್ ಬರುತ್ತೆ, ಸಡ್ಲ ಬಿಡೋಕೆ ಎಕ್ಸರ್ಸೈಜ್ ಇದೆ." ಆಮೇಲೆ, ಎಲ್ಲರನ್ನೂ ಕೇಳುವ ದನಿಯಲ್ಲಿ, ಪರದೆಯ ಆಚೆಗೂ ಕೇಳುವಷ್ಟು ಸ್ಪಷ್ಟವಾಗಿ ಕೇಳಿದರು: "ಗಂಡ ಹೆಂಡ್ತಿ ಸೇರೋವಾಗ ನೋಯುತ್ತಾ?"

ಪರದೆಯ ಕೆಳಗೆ ಚಪ್ಪಲಿ ಅಲುಗಾಡುವುದು ನಿಂತಿತು.

ಇದೂ ಅದೇ. ಆ ಎರಡು ಮಾತು ಅವಳ ತಲೆಯಲ್ಲಿ ಸುತ್ತುತ್ತಿದ್ದವು. ಕಣ್ಣಿನದ್ದು, ಬಾಯಿಯದ್ದು, ಇದು, ಎಲ್ಲ ಒಂದೇ. ಹಾಗಾದರೆ ಮನಸ್ಸು ಕೆಟ್ಟಿರಲಿಲ್ಲ. ಹಾಗಾದರೆ ಗಂಡನ ಮೇಲೆ ಪ್ರೀತಿ ಸತ್ತಿರಲಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡಷ್ಟೇ ಸಲೀಸಾಗಿ ಇದಕ್ಕೂ ಒಂದು ಔಷಧಿ ಕೇಳಬಹುದಿತ್ತು, ಮಂಗಳೂರಿನಲ್ಲೇ ಕೇಳಬಹುದಿತ್ತು. ಅವಳಿಗೆ ಸಂತೋಷವೂ ಆಯಿತು, ಕಳೆದುಹೋದ ವರ್ಷಗಳಿಗೆ ಸಿಟ್ಟೂ ಬಂತು. ಡಾಕ್ಟರು ಕಾಯುತ್ತಿದ್ದರು. ಹೌದು ಎಂದರೆ ಸಾಕು. ಆದರೆ ಆಚೆ ಚಪ್ಪಲಿ ಅಲುಗಾಡದೆ ನಿಂತಿತ್ತು. ಹೌದು ಎಂದರೆ ಅವನು ಅದನ್ನು ನರ್ಸಿನ ಎದುರು, ಬೆನ್ನ ಹಿಂದೆ ಕ್ಯೂ ನಿಂತ ಹೆಂಗಸರ ಎದುರು ಕೇಳಿಸಿಕೊಳ್ಳಬೇಕು. ಅವನ ಕಿವಿ ಕೆಂಪಾಗುವುದು ಅವಳಿಗೆ ಮಲಗಿದಲ್ಲಿಂದಲೇ ಕಾಣುತ್ತಿತ್ತು.

"ಇಲ್ಲ" ಎಂದಳು.

"ಇಲ್ವಾ?"

"ಇಲ್ಲ ಡಾಕ್ಟ್ರೇ."

"ಸರಿ, ಒಳ್ಳೇದು" ಎಂದು ಅವರು ಕೈಗವಸು ಕಿತ್ತು ಬುಟ್ಟಿಗೆ ಎಸೆದರು.

ಅವಳು ಸೀರೆ ಸರಿಪಡಿಸಿಕೊಂಡು ಮೇಜಿನ ಎದುರು ಬಂದು ಕೂತಳು. ಡಾಕ್ಟರು ಸ್ಕ್ಯಾನಿಂಗನ್ನು ಬೆಳಕಿಗೆ ಹಿಡಿದು, ಸಣ್ಣ ಗಡ್ಡೆಯೊಂದಿದೆ, ಅದೇನೂ ದೊಡ್ಡದಲ್ಲ, ಆದರೆ ರಕ್ತ ಕಡಿಮೆಯಿದೆ, ಮುಟ್ಟು ಹೀಗೆ ಪದೇ ಪದೇ ಆಗುತ್ತಿದ್ದರೆ ಇಟ್ಟುಕೊಂಡು ಪ್ರಯೋಜನವಿಲ್ಲ ಎಂದರು. ರಕ್ತ ಕಡಿಮೆಯಾದದ್ದು ಗಂಟಿನ ಕಾಯಿಲೆಯಿಂದ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದು ಸೀತಾಳಿಗೆ ನೆನಪಿತ್ತು. "ಈಗ್ಲೂ ಹಂಗೇ ಆಗ್ತಿದೆಯಾ?" ಎಂದು ಡಾಕ್ಟರು ಕೇಳಿದ್ದಕ್ಕೆ ತ್ರಿವಿಕ್ರಮ ಉತ್ತರ ಕೊಟ್ಟ: "ಹಂಗೇ ಇದೆ ಮೇಡಂ. ಹೋದ ವಾರ ಆಗಿದ್ಲು. ಅದಕ್ಕೆ ಮುಂಚೆ ಏಕಾದಶಿ ದಿನ. ಅದಕ್ಕೂ ಮುಂಚೆ..."

"ಗಂಡಸ್ರು ಇಷ್ಟು ಕರೆಕ್ಟಾಗಿ ಹೇಳೋದು ನಾನು ನೋಡೇ ಇಲ್ಲ" ಎಂದು ಡಾಕ್ಟರು ನಕ್ಕರು.

"ನಮ್ಮಲ್ಲಿ ಹೊರಗೆ ಕೂರ್ತಾರೆ ಮೇಡಂ. ಮನೇಲಿ ಎಲ್ರಿಗೂ ಗೊತ್ತಾಗುತ್ತೆ."

"ಓ, ಹಂಗೋ. ನಮ್ಮಲ್ಲಿ ಅದೆಲ್ಲ ಇಲ್ಲಪ್ಪ. ಲಿಂಗ ಕಟ್ಕೊಂಡೋರಿಗೆ ಎಂಥ ಮೈಲಿಗೆ? ನಮ್ಮಜ್ಜಿ ಮುಟ್ಟಾದ ದಿನಾನೂ ಪೂಜೆ ಮಾಡ್ಕೊಂಡೇ ಕಾಫಿ ಕುಡೀತಿದ್ರು." ಅವರು ಬರೆಯುತ್ತಾ ಹೇಳಿದರು, "ಗುರುವಾರ ಅಡ್ಮಿಟ್ ಆಗ್ಬಿಡಿ. ಶುಕ್ರವಾರ ಬೆಳಿಗ್ಗೆ ಮುಗಿಸೋಣ. ಆಮೇಲೆ ಈ ರಗಳೇನೇ ಇರಲ್ಲ."

ರಗಳೆ ಇರುವುದಿಲ್ಲ. ಹೊರಗೂ ಇರುವುದಿಲ್ಲ. ಹಿಂದಿನ ಜಗಲಿಯ ಚಾಪೆಯನ್ನು ಅತ್ತೆ ಸುತ್ತಿ ಅಟ್ಟಕ್ಕೆ ಎಸೆಯುತ್ತಾರೆ. ತಿಂಗಳ ಅಷ್ಟೂ ದಿನ ಅವಳು ಒಳಗೇ ಇರಬೇಕು, ಗೋಡೆಯ ಪಕ್ಕದ ಆ ಮಂಚದ ಮೇಲೆ. ಕೆಟ್ಟಿರದ ಅಂಗವೊಂದನ್ನು ಕಳೆದುಕೊಂಡು, ಕೆಟ್ಟಿರುವುದನ್ನು ಹಾಗೇ ಇಟ್ಟುಕೊಂಡು. ಅದನ್ನು ತಪ್ಪಿಸಲು ಒಂದೇ ಮಾತು ಸಾಕಿತ್ತು, ಮತ್ತು ಆ ಮಾತು ಆಡಿದರೆ ತಿಥಿಯದ್ದು ಹೊರಗೆ ಬರುತ್ತಿತ್ತು.

ನರ್ಸಿಂಗ್ ಹೋಮಿನಿಂದ ಹೊರಗೆ ಬಂದದ್ದೇ ತ್ರಿವಿಕ್ರಮ, ಆಪರೇಷನ್ನು ಸುಸೂತ್ರವಾಗಲಿ ಎಂದು ಕೋಟೆಯ ದೇವಸ್ಥಾನದಲ್ಲಿ ಒಂದು ಅರ್ಚನೆ ಮಾಡಿಸಿಕೊಂಡೇ ಹೋಗೋಣ ಎಂದ. ಆಟೋದಲ್ಲಿ ಅವಳು ಬಿಸಿಲು ನೋಡುತ್ತಾ ಕೂತಳು. ಕಣ್ಣು ಉರಿಯುತ್ತಿತ್ತು. ಹೋದ ಮಾಘದಲ್ಲಿ ಮಾವನ ತಿಥಿ ಬಂದಿತ್ತು. ಅದಕ್ಕೆ ಹಿಂದಿನ ವಾರ ತ್ರಿವಿಕ್ರಮನಿಗೆ ರಜೆಯಿತ್ತು, ಹಾಗಾಗಿ ಅವಳು ಹೊರಗೆ ಕೂತು ಎದ್ದಿದ್ದಳು. ತಿಥಿಗೆ ಸರಿಯಾಗಿ ಶುದ್ಧವಾದಳು ಎಂದು ಅತ್ತೆಗೆ ನಿಶ್ಚಿಂತೆ. ತಿಥಿಯ ದಿನ ಬೆಳಕು ಹರಿಯುವಾಗ ತಲೆಗೆ ನೀರು ಹಾಕಿಕೊಳ್ಳುತ್ತಿದ್ದವಳಿಗೆ ಬಚ್ಚಲ ಕಲ್ಲಿನ ಮೇಲೆ ಕೆಂಪಗೆ ಹರಿದದ್ದು ಕಂಡಿತು. ಬಾಗಿಲ ಆಚೆ ಅತ್ತೆ ತೆಂಗಿನಕಾಯಿ ತುರಿಯುತ್ತಿದ್ದರು. ಭಟ್ಟರು ಆಗಲೇ ಬಂದು ದರ್ಭೆ ಬಿಡಿಸುತ್ತಿದ್ದರು. ಮತ್ತೆ ಹೊರಗೆ ಎಂದರೆ ಯಾರು ನಂಬುತ್ತಾರೆ, ನಂಬಿದರೆ ಯಾರು ಅಡುಗೆ ಮಾಡುತ್ತಾರೆ? ಅವಳು ಮಡಿಸೀರೆ ಉಟ್ಟುಕೊಂಡಳು. ಬೆರಳಿಗೆ ಹಿಂಡಲು ಬಾರದೆ ಸೀರೆಯಿಂದ ಅಡುಗೆಮನೆಯವರೆಗೂ ನೀರು ಸುರಿಯಿತು. ಒಲೆಯ ಮುಂದೆ ಕೂತು ಅನ್ನ ಮಾಡಿದಳು, ವಡೆ ಕರಿದಳು, ಎಳ್ಳುಂಡೆ ಕಟ್ಟಿದಳು. ಆ ಅನ್ನದಿಂದಲೇ ತ್ರಿವಿಕ್ರಮ ಪಿಂಡ ಕಟ್ಟಿ, ಹೆಸರು ಗೋತ್ರ ಹೇಳಿ, ಅಪ್ಪನಿಗೆ ಕೊಟ್ಟ. ಹಿತ್ತಲಲ್ಲಿ ಇಟ್ಟ ಎಲೆಯ ಹತ್ತಿರ ಕಾಗೆ ಬರುವುದಿಲ್ಲವೆಂದೇ ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಕಾಗೆ ಬರಲಿಲ್ಲ ಎಂದರೆ ತಪ್ಪೊಪ್ಪಿಕೊಳ್ಳುವುದು ಎಂದು ನಿಶ್ಚಯಿಸಿಬಿಟ್ಟಿದ್ದಳು. ಎಲೆ ಇಟ್ಟ ಕೈ ತೆಗೆಯುವ ಮೊದಲೇ ಒಂದಲ್ಲ, ಮೂರು ನಾಲ್ಕು ಕಾಗೆಗಳು ಇಳಿದು ವಡೆಗೆ ಕಿತ್ತಾಡಿದವು. "ತೃಪ್ತಿಯಾಗಿ ಉಂಡ್ರು ಕಣೋ ನಿಮ್ಮಪ್ಪ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಅವತ್ತಿನಿಂದ ಮನೆಯಲ್ಲಿ ಏನೇ ಆದರೂ, ಅತ್ತೆಗೆ ಕೆಮ್ಮು ಹತ್ತಿದರೂ, ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದರೂ, ಸೀತಾಳಿಗೆ ಆ ಬಚ್ಚಲ ಕಲ್ಲು ಕಣ್ಣ ಮುಂದೆ ಬರುತ್ತಿತ್ತು.

ದೇವಸ್ಥಾನದ ಬಾಗಿಲು ಹಾಕಿತ್ತು. ಮಧ್ಯಾಹ್ನ ಇಷ್ಟು ಹೊತ್ತಿಗೆ ಹಾಕುತ್ತಾರೆ ಎಂದು ತನಗೆ ಹೊಳೆಯಲೇ ಇಲ್ಲ ಎಂದು ತ್ರಿವಿಕ್ರಮ ಪೇಚಾಡಿದ. ಎದುರಿನ ಜಗಲಿಯ ನೆರಳಿನಲ್ಲಿ ಇಬ್ಬರೂ ಕೂತರು. ಹೂವಿನ ಅಂಗಡಿಯವಳು ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಮಲಗಿದ್ದಳು. ಅವನು ಬಾಟಲಿಯ ಮುಚ್ಚಳ ತೆಗೆದುಕೊಟ್ಟ. "ಹೆದರ್ಬೇಡ ಮಾರಾಯ್ತಿ, ಇವತ್ತಿನ ಕಾಲಕ್ಕೆ ಅದೇನು ದೊಡ್ಡ ಆಪರೇಷನ್ನಲ್ಲ. ನಮ್ಮ ಸ್ಟೋರಿನ ಸುಬ್ಬಪ್ಪನ ಹೆಂಡ್ತಿ ಮಾಡಿಸ್ಕೊಂಡು ತಿಂಗ್ಳಿಗೆಲ್ಲ ಬಾವಿ ನೀರು ಸೇದ್ತಿದ್ಲು" ಎಂದ. ನೀರು ಗಂಟಲಿಗೆ ಇಳಿಯಿತು. ಆ ಒಂದು ಗುಟುಕಿನಷ್ಟು ಹೊತ್ತಿನಲ್ಲೇ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು ಅವಳಿಗೆ.

"ನಂಗೆ ತಿಂಗ್ಳಿಗೆ ಒಂದೇ ಸಲ ಆಗೋದು."

"ಏನು?"

"ಮುಟ್ಟು. ಎಲ್ರಿಗೂ ಆಗೋ ಹಾಗೇ. ಮಿಕ್ಕಿದ್ದೆಲ್ಲ ನಾನು ಸುಳ್ಳು ಹೇಳಿದ್ದು."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಹಣೆ ಗಂಟಿಕ್ಕಿ ಅವಳನ್ನು ನೋಡಿದ. ಡಾಕ್ಟರಿಗೆ ಸುಳ್ಳು ಹೇಳಿದೆಯಾ ಎಂದ. ಅಲ್ಲ, ನಿಮಗೆ ಎಂದಳು. "ಯಾಕೆ? ಹೊರಗೆ ಕೂರೋದ್ರಲ್ಲಿ ಎಂಥ ಸುಖ?"

"ನಿಮ್ಮ ಪಕ್ಕ ಮಲಗೋಕೆ ಆಗ್ತಿರ್ಲಿಲ್ಲ."

"ನಾನೇನು ಮಾಡ್ದೆ?"

ಚಿಕ್ಕ ಮಕ್ಕಳು ಕೇಳುವಂತೆ ಕೇಳಿದ. ಸೀತಾಳಿಗೆ ಅವನ ಮೇಲೆ ತುಂಬ ಕನಿಕರವಾಯಿತು. "ನೀವೇನೂ ಮಾಡಿಲ್ಲ. ನೋಯುತ್ತೆ. ಆಮೇಲೆ ಎರಡು ಮೂರು ದಿನ ಉರಿಯುತ್ತೆ. ನಾನು ಬೇಡ ಅಂದ್ಕೊಳ್ಳಲ್ಲ, ಮೈಯೇ ಬಿಗ್ಕೊಳ್ಳುತ್ತೆ. ನನ್ನ ಮನಸ್ಸೇ ಕೆಟ್ಟಿದೆ ಅಂದ್ಕೊಂಡಿದ್ದೆ. ಇವತ್ತು ಡಾಕ್ಟ್ರು ಹೇಳಿದ ಮೇಲೆ ಗೊತ್ತಾಯ್ತು, ಇದೂ ಅದೇ ಕಾಯಿಲೆ ಅಂತ."

"ಅಲ್ಲಿ ಕೇಳಿದ್ರಲ್ಲ. ನೀನು ಇಲ್ಲ ಅಂದೆ."

"ನೀವು ಕೇಳಿಸ್ಕೊಳ್ತಿದ್ರಿ."

ತ್ರಿವಿಕ್ರಮ ಬಾಟಲಿಯ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟ. ಅವಳು ಹೆದರಿಕೊಂಡ ಹಾಗೆ ಅವನಿಗೆ ಸಿಟ್ಟು ಬರಲಿಲ್ಲ. "ಹೇಳ್ಬೇಕಿತ್ತಲ್ಲೇ ಮಾರಾಯ್ತಿ. ನಾನೇನು ರಾಕ್ಷಸನಾ? ನಿಂಗೆ ನಾನು ಹಿಡಿಸ್ತಿಲ್ಲ ಅಂತ ಅಂದ್ಕೊಂಡಿದ್ದೆ ನಾನು. ಎಷ್ಟು ದಿನ ಅದನ್ನೇ ಯೋಚ್ನೆ ಮಾಡ್ತಾ ಮಲಗಿದೀನಿ ಗೊತ್ತಾ?" ಎಂದ. ಎಂದು, ಹಾಡುಹಗಲಲ್ಲಿ, ದೇವಸ್ಥಾನದ ಎದುರು, ಅವಳ ಬಾತುಕೊಂಡ ಬೆರಳುಗಳನ್ನು ತನ್ನ ಅಂಗೈಯಲ್ಲಿ ತೆಗೆದುಕೊಂಡ. ಅವಳ ಮೈ ಬಿಗಿಯಲಿಲ್ಲ. ಇಷ್ಟು ಸುಲಭವಿತ್ತೇ ಇದು ಎಂದು ಸೀತಾಳಿಗೆ ನಗು ಬಂತು, ಜೋರಾಗಿ ನಗಬೇಕು ಅನ್ನಿಸಿತು. ಅಲ್ಲಿ ಆ ನೆರಳಿನಲ್ಲಿ, ಎಷ್ಟೋ ವರ್ಷಗಳ ಮೇಲೆ, ಅವಳಿಗೆ ಗಂಡನ ಪಕ್ಕದಲ್ಲಿ ಕೂತದ್ದು ಹಿತವಾಗಿತ್ತು.

ಆದರೆ ಅವನು ಸ್ಟೋರಿನಲ್ಲಿ ಕೆಲಸ ಮಾಡುವವನು. ಬಂದದ್ದೆಷ್ಟು ಹೋದದ್ದೆಷ್ಟು ಎಂದು ತಾಳೆ ನೋಡದೆ ಬಿಡುವ ಸ್ವಭಾವ ಅವನದಲ್ಲ. ಅವನ ಮುಖದಲ್ಲಿ ಆ ಲೆಕ್ಕ ನಡೆಯುವುದು ಅವಳಿಗೆ ಕಂಡಿತು.

"ಹಂಗಾದ್ರೆ, ನಿಜವಾಗ್ಲೂ ಆದಾಗ?"

ಅವಳು ಹೂವಿನ ಬುಟ್ಟಿಯ ಒದ್ದೆ ಬಟ್ಟೆಯ ಕಡೆ ನೋಡಿದಳು.

"ಅಪ್ಪನ ತಿಥಿಗೆ ಹಿಂದಿನ ವಾರ ಕೂತಿದ್ಯಲ್ಲ, ಅದು?"

"ಸುಳ್ಳು."

"ಮತ್ತೆ ನಿಜದ್ದು ಯಾವತ್ತು?"

ಇದಕ್ಕೆ ಅವಳ ಹತ್ತಿರ ಉತ್ತರ ತಯಾರಿತ್ತು. ತಿಥಿ ಕಳೆದು ಎರಡು ದಿನಕ್ಕೆ ಎಂದು ಹೇಳಿದರೆ ಮುಗಿಯಿತು. ಅವನೂ ಅದನ್ನೇ ಕೇಳಲು ಕಾಯುತ್ತಿದ್ದ, ಅದನ್ನೇ ಬೇಡುತ್ತಿದ್ದ. ಇಷ್ಟು ಸುಳ್ಳು ಹೇಳಿದವಳಿಗೆ ಇನ್ನೊಂದು ಹೆಚ್ಚಲ್ಲ. ಆದರೆ ಬೆರಳು ಅವನ ಅಂಗೈಯಲ್ಲಿ ಬೆಚ್ಚಗಿದ್ದವು. ಈಗಲೂ ಸುಳ್ಳು ಹೇಳಿದರೆ ಆ ಬಿಸಿಯೂ ಸುಳ್ಳಾಗುತ್ತದೆ ಅನ್ನಿಸಿತು. ನೋವನ್ನು ಅರ್ಥ ಮಾಡಿಕೊಂಡವನು ಇದನ್ನೂ ಮಾಡಿಕೊಂಡಾನು ಎಂದು ಅವಳು ಆಸೆಪಟ್ಟಳು.

"ತಿಥಿ ದಿನ ಬೆಳಿಗ್ಗೆ."

"ಪಿಂಡದ ಅನ್ನ?"

"ನಾನೇ ಮಾಡಿದ್ದು. ನಿಮ್ಗೆ ಗೊತ್ತಲ್ಲ."

ಅವನು ಕೈ ಕಿತ್ತುಕೊಳ್ಳಲಿಲ್ಲ. ಬೆರಳುಗಳನ್ನು ಮೆಲ್ಲಗೆ ಎತ್ತಿ ಅವಳ ಮಡಿಲಿನಲ್ಲಿ ಇಟ್ಟ, ಒಡೆಯುವ ಸಾಮಾನನ್ನು ಇಡುವ ಹಾಗೆ. ಎದ್ದು ಹೋಗಿ ಮೂಲೆಯ ನಲ್ಲಿಯಲ್ಲಿ ಕೈ ತೊಳೆದ, ಕಾಲು ತೊಳೆದ, ಬೊಗಸೆಯಲ್ಲಿ ನೀರು ತುಂಬಿ ತಲೆಗೆ ಚಿಮುಕಿಸಿಕೊಂಡ. ತುಂಬ ಹೊತ್ತು ನಲ್ಲಿಯ ಹತ್ತಿರವೇ ನಿಂತಿದ್ದ. ಅವನು ಅಳುತ್ತಿದ್ದನೋ ಏನೋ, ಬೆನ್ನು ಮಾತ್ರ ಕಾಣುತ್ತಿತ್ತು. ವಾಪಸು ಬಂದವನು ಜಗಲಿಯ ಮೇಲೆ ಕೂರದೆ ಚೀಲ ಎತ್ತಿಕೊಂಡ. "ಹೋಗೋಣ. ಅಮ್ಮಂಗೆ ಇದು ಗೊತ್ತಾಗೋದು ಬೇಡ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಏನಾದರೂ ಹೇಳುತ್ತಿದ್ದಳು.

ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಅವನು ನರ್ಸಿಂಗ್ ಹೋಮಿಗೆ ಫೋನು ಮಾಡಿದ. ಗಾಜಿನ ಆಚೆಯಿಂದ ಸೀತಾಳಿಗೆ ಮಾತು ಕೇಳುತ್ತಿರಲಿಲ್ಲ, ತುಟಿ ಅಲುಗುವುದು ಕಾಣುತ್ತಿತ್ತು. ಹೊರಗೆ ಬಂದು, "ಆಪರೇಷನ್ ಬೇಡ ಅಂತ ಹೇಳ್ದೆ. ಅದೇನೋ ಜೆಲ್ ಅಂದ್ರಲ್ಲ, ಅದರ ಹೆಸರು ನೀನೇ ಬಂದು ಬರೆಸ್ಕೊಂಡು ಹೋಗ್ಬೇಕಂತೆ, ಯಾವಾಗಾದ್ರೂ" ಎಂದ. ಅವಳು ಹೂಂ ಎಂದಳು. ಬೇಕಾಗಿದ್ದದ್ದು ಸಿಕ್ಕಿತ್ತು. ಗರ್ಭಕೋಶ ಉಳಿಯಿತು. ಸಂತೋಷಪಡಬೇಕೆಂದು ಅವಳು ತನಗೆ ತಾನೇ ಹೇಳಿಕೊಂಡಳು.

ಭದ್ರಾವತಿಯ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಸೀತಾ ಹತ್ತಿ ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಕಡೆಗೆ ಸರಿದು ಕೂತಳು. ತ್ರಿವಿಕ್ರಮ ಹಿಂದೆಯೇ ಬಂದ. ಬಾಟಲಿಯ ಮುಚ್ಚಳ ಸಡಿಲಿಸಿ ಅವಳ ಪಕ್ಕದ ಖಾಲಿ ಜಾಗದಲ್ಲಿ ಇಟ್ಟ. ಆಮೇಲೆ ಮುಂದೆ ಹೋಗಿ ಡ್ರೈವರಿನ ಹಿಂದಿನ ಕಂಬಿ ಹಿಡಿದು ನಿಂತ. ಬಸ್ಸು ತುಂಬುತ್ತಾ ಬಂತು. ಸೊಪ್ಪು ಮಾರಿ ಖಾಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಸೀಟಿನ ಹತ್ತಿರ ನಿಂತು, ಬಾಟಲಿಯನ್ನು ನೋಡಿ, "ಇಲ್ಲಿ ಯಾರಾದ್ರೂ ಬರ್ತಾರೇನಮ್ಮ?" ಎಂದು ಕೇಳಿದಳು.

ಸೀತಾ ಮುಂದೆ ನೋಡಿದಳು. ಅವನು ಆ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದ. ಕಂಬಿಯ ಮೇಲಿದ್ದ ಕೈಯನ್ನು ಬದಲಾಯಿಸಿ, ರಸ್ತೆಯ ಕಡೆ ಮುಖ ತಿರುಗಿಸಿದ.

"ಇಲ್ಲ, ಯಾರೂ ಬರಲ್ಲ" ಎಂದು ಅವಳು ಬಾಟಲಿ ಎತ್ತಿಕೊಂಡಳು. "ಕೂತ್ಕೊಳ್ಳಿ."